ಸೂರತ್ತಿಗೆ ಹೊರಡದ ಗಾಡಿ

ಗೌರಮ್ಮನ ಮನೆಯೊಳಗೆ ಜಗಳದ ಸಪ್ಪಳ ಕೇಳಿದವರು ಯಾರೂ ಇಲ್ಲ. ವಡೋದರಾದ ಆ ಸೊಸೈಟಿಯಲ್ಲಿ ಇಪ್ಪತ್ತೊಂದು ವರ್ಷ ಸಂಸಾರ ಮಾಡಿದರೂ ಒಂದು ತಾಟು ಎತ್ತಿ ಒಗೆದ ಸದ್ದು ಹೊಸ್ತಿಲು ದಾಟಿ ಬಂದಿರಲಿಲ್ಲ. ಗಂಡ ಚನ್ನಬಸಪ್ಪನವರು ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಆಫೀಸರಾಗಿ ನಿವೃತ್ತರಾದವರು. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಬಾಯಲ್ಲಿ ಬೆಣ್ಣೆಯಂಥ ಮಾತು. ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚಲು ಕನ್ನಡದ ಹೆಂಗಸರು ಸೇರಿದಾಗ, "ಗೌರಕ್ಕಾ, ಹಿಂದಿನ ಜನ್ಮದಾಗ ನೀ ಯಾವ ವ್ರತಾ ಹಿಡಿದಿದ್ದಿ, ನಮಗೂ ಒಂದೀಟು ಹೇಳ ನೋಡೂಣು" ಎಂದು ಚಾಷ್ಟಿ ಮಾಡುತ್ತಿದ್ದರು. ಗೌರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಗದೆ ಏನು ಮಾಡಬೇಕು? ಮುಳಗುಂದದಲ್ಲಿ ನಾಲ್ಕನೆಯ ಇಯತ್ತೆ ಓದಿ, ಹದಿನೇಳಕ್ಕೆ ಲಗ್ನವಾಗಿ ಬಂದವಳು ಅವಳು. ಅಂದಿನಿಂದ "ಬ್ಯಾಡ" ಅನ್ನುವ ಒಂದು ಮಾತು ಗಂಡನ ಬಾಯಿಂದ ಅವಳು ಕೇಳಿರಲಿಲ್ಲ. ಸೀರೆ ಅಂದರೆ ಸೀರೆ, ಶ್ರೀಶೈಲ ಅಂದರೆ ಶ್ರೀಶೈಲ. ಮಕ್ಕಳಾಗಲಿಲ್ಲ. ಅದಕ್ಕೂ ಆತ ಒಂದು ದಿನ ಮುಖ ಸಣ್ಣದು ಮಾಡಿದವರಲ್ಲ.

ಮಕ್ಕಳಿಲ್ಲದ ಆ ಮನೆಗೆ ತಂಗಿ ಚಂಪಾ ಬಂದದ್ದು ತಾಯಿ ತೀರಿಕೊಂಡ ಮೇಲೆ. ಅಕ್ಕನಿಗಿಂತ ಹದಿನಾಲ್ಕು ವರ್ಷ ಸಣ್ಣವಳು. ಟೈಪಿಂಗ್ ಕಲಿಸೋಣ, ಒಳ್ಳೆಯ ಕಡೆ ಕೊಡೋಣ ಅಂತ ಚನ್ನಬಸಪ್ಪನವರೇ ಕರೆಸಿಕೊಂಡರು. ಅದೇ ವರ್ಷ ಪಾಲಿಸಿ ಮಾಡಿಸಲು ಸೂರತ್ತಿನ ಕತಾರ್‌ಗಾಮಿನಿಂದ ರಾಕೇಶ್ ಅನ್ನುವ ಹುಡುಗ ಬಂದ. ವಜ್ರ ಉಜ್ಜುವ ಕೆಲಸ, ಕಣ್ಣು ಸದಾ ಅರ್ಧ ಮುಚ್ಚಿದ ಹಾಗೆ. ಬಿಸಿಲಲ್ಲಿ ಬಂದಿದ್ದಾನೆ ಅಂತ ಚನ್ನಬಸಪ್ಪನವರು ಮನೆಗೆ ಕರೆತಂದು ಊಟ ಹಾಕಿಸಿದರು. ಚಂಪಾ ಮಜ್ಜಿಗೆ ಬಡಿಸಿದಳು. ಆರು ತಿಂಗಳಿಗೆ ಇಬ್ಬರೂ ರಿಜಿಸ್ಟರ್ ಮದುವೆಯಾಗಿ ಚೀಟಿ ಬರೆದಿಟ್ಟು ಹೋದರು.

ಊರಿನಿಂದ ಬಂದ ಕಾಗದಗಳಲ್ಲಿ ಕಿಡಿ ಹಾರುತ್ತಿತ್ತು. "ಹುಡುಗೀನ ನಿಮ್ಮ ಕೈಯಾಗ ಕೊಟ್ಟಿದ್ದಿವಿ, ನೀವು ಗುಜರಾತಿಯವಗ ಧಾರಿ ಎರದ್ರಿ" ಅಂತ ಸೋದರಮಾವ ಬರೆದಿದ್ದ. ಚನ್ನಬಸಪ್ಪನವರು ಓದಿ ಮಡಚಿ ಇಟ್ಟರು. ಗೌರಮ್ಮ ಅತ್ತಳು. "ಅಳಬ್ಯಾಡ ಗೌರಾ, ಆದದ್ದ ಆತು. ಒಂದಿನ ಹೋಗಿ ಉಡಿ ತುಂಬಿ ಬರೂಣು" ಅಂದರು. ಹೆಣ್ಣಿನ ಕಡೆಯ ಹಿರಿಯರು ಮೊದಲು ಹೋಗಿ ಉಡಿ ತುಂಬಿದರೇನೆ, ಹಾಗೆ ಹೋದ ಹುಡುಗಿ ಮತ್ತೆ ತವರಿನ ಹೊಸ್ತಿಲು ತುಳಿಯಬಹುದು. ಅದು ಅವರ ಕಡೆಯ ಕಟ್ಟಳೆ. ಚಂಪಾಗೂ ಅದು ಗೊತ್ತಿತ್ತು. ಕಾದಳು.

ಮನೆಯಲ್ಲಿ ಆಗ ಕೆನೆ ಬಣ್ಣದ ಸೆಕೆಂಡ್ ಹ್ಯಾಂಡ್ ಪದ್ಮಿನಿ ಕಾರು ಇತ್ತು. ಚನ್ನಬಸಪ್ಪನವರ ಕೈಗೆ ಅದು ಆಕಳ ಹಾಗೆ ಪಳಗಿತ್ತು. ತೊಂಬತ್ತೆರಡರಲ್ಲಿ ಚಂಪಾ ಏಳು ತಿಂಗಳ ಬಸುರಿ ಅಂತ ಸುದ್ದಿ ಬಂದಾಗ, ಕುಬಸದ ಸೀರೆ, ಹಸಿರು ಬಳೆ, ಐದು ಥರದ ಉಂಡಿ ಕಟ್ಟಿಕೊಂಡು ಗೌರಮ್ಮ ಕಾರಿನಲ್ಲಿ ಕೂತಳು. ಕೀಲಿ ತಿರುವಿದರು. ಎಂಜಿನ್ ಕರ್ ಕರ್ ಕರ್ ಅಂತ ತಿರುಗಿತು. ಹೊತ್ತಿಕೊಳ್ಳಲಿಲ್ಲ. ಹತ್ತು ಸಲ, ಇಪ್ಪತ್ತು ಸಲ. ಇಳಿದು ಬಾನೆಟ್ ಎತ್ತಿ ಇಣುಕಿದರು. ಮತ್ತೆ ಕೂತರು. "ಏನ ಮಾಡ್ಲಿ ಗೌರಾ, ಗಾಡೀ ಒಲ್ಲೆ ಅಂತೈತಿ" ಅಂದರು.

ಗೌರಮ್ಮನ ತವರಿನಲ್ಲಿ ಇನ್ನೊಂದು ಕಟ್ಟಳೆ ಇತ್ತು. ಹೊಸ್ತಿಲು ದಾಟಿ ಹೊರಟ ಸವಾರಿ ಗೇಟಿನಲ್ಲೇ ನಿಂತರೆ ಆ ಹಾದಿ ಅವತ್ತಿಗೆ ಮುಚ್ಚಿತು ಅಂತ ಅರ್ಥ. ಬೇರೆ ಬಂಡಿ ಹತ್ತಬಾರದು, ಕಾಲ್ನಡಿಗೆಯಲ್ಲೂ ಹೋಗಬಾರದು. "ರೈಲಿಗೆ ಹೋಗೂಣೇನ?" ಅಂತ ಗಂಡನೇ ಕೇಳಿದರು. ಇವಳೇ ಬೇಡ ಅಂದಳು. ಒಳಗೆ ಬಂದು ಉಂಡಿಯ ಬುಟ್ಟಿ ಇಳಿಸಿ ಕೂತಾಗ ಅವಳ ತಲೆಯಲ್ಲಿ ಒಂದು ಮಾತು ಹುಳದ ಹಾಗೆ ಹೊಕ್ಕಿತು: ಬಂಜಿ ನಾನು. ತುಂಬಿದ ಬಸುರಿಯ ಮುಂದೆ ನಾ ಹೋಗಿ ನಿಲ್ಲೂದು ದೇವರಿಗೇ ಬ್ಯಾಡಾಗೈತಿ. ಕುಬಸದ ಸೀರೆಯನ್ನು ಪಾರ್ಸಲ್ ಮಾಡಿ ಕಳಿಸಿದರು.

ಎರಡನೆಯ ಸಲ ಹೊರಟದ್ದು ತೊಂಬತ್ತನಾಲ್ಕರಲ್ಲಿ, ಗಣಪತಿ ಹಬ್ಬ ಮುಗಿದ ಮೇಲೆ. ಚಂಪಾಳ ಮಗಳು ತೃಪ್ತಿ ಎರಡು ವರ್ಷದವಳಾಗಿದ್ದಳು. ಕಾರು ಅವತ್ತೂ ಹಾಗೇ ಮಾಡಿತು, ಬರೀ ತಿರುಗಿತು. ಅದಾಗಿ ನಾಲ್ಕೇ ದಿನಕ್ಕೆ ಸೂರತ್ತಿನಲ್ಲಿ ಪ್ಲೇಗ್ ಅಂತ ಸುದ್ದಿ. ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡು ರೈಲು ತುಂಬಿ ಓಡಿ ಬರುತ್ತಿದ್ದುದನ್ನು ಟೀವಿಯಲ್ಲಿ ನೋಡಿ ಗೌರಮ್ಮ ಕೆಳಗಿಳಿದು ಹೋಗಿ ಕಾರಿನ ಮೂತಿಗೆ ಕೈ ಮುಗಿದಳು. "ನಿನಗ ತಿಳಿದಿತ್ತಲ್ಲೋ ಯಪ್ಪಾ." ಚಂಪಾಳ ಮನೆಯವರಿಗೆ ಏನೂ ಆಗಲಿಲ್ಲ. ಆದರೆ ಆ ಹೊತ್ತಿನಲ್ಲಿ ಅಕ್ಕ ಬರಲಿಲ್ಲ ಅನ್ನುವುದು ತಂಗಿಯ ಎದೆಯಲ್ಲಿ ಕೂತಿತು. ಮೂರನೆಯ ಸಲ ತೊಂಬತ್ತೆಂಟರಲ್ಲಿ, ಕತಾರ್‌ಗಾಮಿನಲ್ಲಿ ಚಂಪಾ ಫ್ಲಾಟು ಮಾಡಿದಾಗ. ಅದೇ ಕರ್ ಕರ್ ಕರ್. ಗೌರಮ್ಮ ಈ ಸಲ ಅಳಲೂ ಇಲ್ಲ, ಸುಮ್ಮನೆ ಇಳಿದು ಮೆಟ್ಟಿಲು ಹತ್ತಿದಳು. ಒಂದು ತಾಸಿನ ಮೇಲೆ ಚನ್ನಬಸಪ್ಪನವರು ಕೆಳಗೆ ಹೋಗಿ ಹಾರ್ನ್ ಹೊಡೆದು ಕೂಗಿದರು: "ಗೌರಾ! ಈಗ ಹೊಂಟತಿ ನೋಡು! ಬರತೀ ಏನ?" ಹೋಗಬಾರದು ಅಂತ ಅವಳಿಗೂ ಗೊತ್ತು, ಅವರಿಗೂ ಗೊತ್ತು. ಅವರೊಬ್ಬರೇ ಪೇಟೆಗೆ ಹೋಗಿ ಅವಳಿಗೆ ಇಷ್ಟ ಅಂತ ಬಿಸಿ ಜಿಲೇಬಿ ತಂದರು.

ಕಡೆಯ ಸಲ ಎರಡು ಸಾವಿರದ ಮೂರರ ಫೆಬ್ರವರಿ. ಮೈಯಲ್ಲಿ ಹುಷಾರಿಲ್ಲ, ಅಕ್ಕನ್ನ ನೋಡಬೇಕನಿಸೈತಿ ಅಂತ ಚಂಪಾ ಫೋನು ಮಾಡಿದ್ದಳು. ಕಾರು ಒಲ್ಲೆ ಅಂದಿತು. ಅದೇ ಸಂಜೆ ಚನ್ನಬಸಪ್ಪನವರು ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದರು. ಮನೆಗೆ ಬಂದದ್ದು ಹೆಣ. ಹಾದಿಯಲ್ಲಿದ್ದರೆ ಏನು ಗತಿಯಾಗುತ್ತಿತ್ತು, ಗಾಡಿ ಹನ್ನೊಂದು ದಿನವಾದರೂ ಉಳಿಸಿಕೊಟ್ಟಿತು ಅಂತ ಗೌರಮ್ಮ ಬಂದವರೆದುರೆಲ್ಲ ಹೇಳಿ ಅತ್ತಳು. ಸಾವಿಗೆ ಕರೆ ಬೇಕಿಲ್ಲವಲ್ಲ, ಚಂಪಾ ಬಂದಿದ್ದಳು. ಬಾಗಿಲ ಹತ್ತಿರ ಕೂತಳು, ಅತ್ತಳು, ಅದೇ ದಿನ ಹೋದಳು. ಅಕ್ಕ-ತಂಗಿಯ ನಡುವೆ ಹತ್ತು ಮಾತೂ ಆಗಲಿಲ್ಲ.

ನವೆಂಬರಿನಲ್ಲಿ ಮತ್ತೆ ಫೋನು ಬಂತು. "ಅಕ್ಕಾ, ಗರ್ಭಚೀಲದಾಗ ಗಡ್ಡಿ ಐತಂತ. ಶುಕ್ರವಾರ ಮುಂಜಾನಿ ಆಪರೇಶನ್. ಕೆಟ್ಟ ಗಡ್ಡಿ ಇರಬಹುದು ಅಂತಾರ" ಅಂದಳು ಚಂಪಾ. ಆಮೇಲೆ, "ಬಾ ಅನ್ನಂಗಿಲ್ಲ ನಾ. ಹೇಳಬೇಕಂತ ಹೇಳಿದೆ. ನಿಮ್ಮ ಗಾಡೀಗೆ ಮನಸ್ಸಿದ್ರ ಬಾ" ಎಂದು ಇಟ್ಟುಬಿಟ್ಟಳು.

ಗೌರಮ್ಮನ ಕೈ ಫೋನಿನ ಮೇಲೆಯೇ ಉಳಿಯಿತು. ಈ ಸಲ ಹೋಗದಿದ್ದರೆ ಇನ್ನು ಹೋಗಿ ನೋಡಲು ತಂಗಿ ಇರುತ್ತಾಳೋ ಇಲ್ಲವೋ.

ಎದುರು ಮನೆಯ ಸತ್ಯಪ್ರಕಾಶ ಮೈಸೂರಿನ ಕಡೆಯವರು. ಬ್ಯಾಂಕಿನಲ್ಲಿದ್ದು ರಿಟೈರಾಗಿ ಇಲ್ಲೇ ಉಳಿದಿದ್ದರು. ಉಪಕಾರಿ ಮನುಷ್ಯ, ಬಾಯಿ ಮಾತ್ರ ಒಂದು ತೂಕ ಜಾಸ್ತಿ. "ನಿಮ್ಮ ಕಾರಲ್ಲೇ ಹೋಗೋಣ ಗೌರಮ್ಮನೋರೆ, ನಾನು ಓಡಿಸ್ತೀನಿ. ಕಾವೇರಿ ಸೇತುವೆ ಮೇಲೆ ಲಾರಿ ಓವರ್‌ಟೇಕ್ ಮಾಡಿದೋನು ನಾನು, ನರ್ಮದಾ ಏನು ಮಹಾ!" ಅಂದರು. ಒಂಬತ್ತು ತಿಂಗಳು ನಿಂತ ಗಾಡಿ. ಬ್ಯಾಟರಿ ಬಿಚ್ಚಿಸಿ ಎರಡು ದಿನ ಚಾರ್ಜ್ ಮಾಡಿಸಿ ತಂದರು, ಚಕ್ರಕ್ಕೆ ಗಾಳಿ ಹಾಕಿಸಿದರು. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಗೌರಮ್ಮ ಒಂದು ಚೀಲ ಹಿಡಿದು ಮುಂದಿನ ಸೀಟಿನಲ್ಲಿ ಕೂತಳು.

ಸತ್ಯಪ್ರಕಾಶ ಕೀಲಿ ತಿರುವಿದರು. ಕರ್ ಕರ್ ಕರ್ ಕರ್.

ಮತ್ತೆ ತಿರುವಿದರು. ಕರ್ ಕರ್ ಕರ್.

ಓಡಿಸುವವರು ಬದಲಾದರೂ ಗಾಡಿಯ ಮಾತು ಬದಲಾಗಲಿಲ್ಲ. ಗೌರಮ್ಮ ಚೀಲ ತೆಗೆದುಕೊಂಡು ಇಳಿಯಲು ಬಾಗಿಲಿಗೆ ಕೈ ಹಾಕಿದಳು.

"ಎಲ್ಲಿಗೆ? ಕೂತ್ಕೊಳ್ಳಿ ಅಮ್ಮಾ!"

"ಬಿಡ್ರಿ ಸತ್ಯಪ್ರಕಾಶ್ ಅಣ್ಣಾರ. ಇದರ ಹಟ ನಿಮಗ ಗೊತ್ತಿಲ್ಲ. ಸೂರತ್ತಿಗೆ ಇದು ಬರಂಗಿಲ್ಲ."

"ಗಾಡಿಗೆ ಸೂರತ್ತು ಯಾವುದು, ಹುಣಸೂರು ಯಾವುದು ಅಂತ ಗೊತ್ತಾಗತ್ತೇನ್ರಿ? ರೋಡ್ ಮ್ಯಾಪ್ ತಿಂದಿದ್ಯಾ ಅದು? ಹತ್ತು ನಿಮಿಷ ಇರಿ, ಮಿಸ್ತ್ರಿ ಕರೀತೀನಿ."

ಮಿಸ್ತ್ರಿಯ ಹೆಸರು ಚಂದ್ರಕಾಂತ. ಮೂಲೆಯ ಗ್ಯಾರೇಜಿನವನು, ಐವತ್ತೈದು ದಾಟಿದವನು. ಈ ಗಾಡಿಯನ್ನು ಅವನು ಹಿಂದೆಂದೂ ಮುಟ್ಟಿರಲಿಲ್ಲ. ಚನ್ನಬಸಪ್ಪನವರು ರಿಪೇರಿಗೆ ಯಾವಾಗಲೂ ಊರಾಚೆಯ ಬೇರೆ ಯಾವುದೋ ಗ್ಯಾರೇಜಿಗೆ ಒಯ್ಯುತ್ತಿದ್ದರು. ಚಂದ್ರಕಾಂತ ಬಂದವನೇ ಕೈ ಹಾಕಲಿಲ್ಲ. "ಸಾಹೇಬ್, ಒಂದು ಸಲ ತಿರುವಿ" ಅಂತ ಗುಜರಾತಿಯಲ್ಲಿ ಹೇಳಿ, ಕಣ್ಣು ಮುಚ್ಚಿ ತಲೆ ವಾರೆ ಮಾಡಿ ಕೇಳಿದ, ವೈದ್ಯ ನಾಡಿ ಹಿಡಿದ ಹಾಗೆ.

"ಬ್ಯಾಟರಿ ಗಟ್ಟಿ. ಎಂಜಿನ್ ತಿರುಗ್ತಾ ಇದೆ, ಹೊತ್ತಿಕೊಳ್ತಾ ಇಲ್ಲ. ಒಲೆ ಉರೀಬೇಕಂದರೆ ಏನು ಬೇಕು ಮಾಸಿ?" ತಾಯಿಯ ಅಕ್ಕತಂಗಿಯರನ್ನು ಕರೆಯುವ ಹಾಗೆ ಮಾಸಿ ಅಂತ ಗೌರಮ್ಮನನ್ನೇ ಕೇಳಿದ.

ಅವಳಿಗೆ ಮಾತಾಡುವ ಮನಸ್ಸಿರಲಿಲ್ಲ. "ಕಟಿಗಿ ಬೇಕು. ಗಾಳಿ ಬೇಕು. ಬೆಂಕಿ ಬೇಕು" ಅಂತ ಗುಜರಾತಿಯಲ್ಲೇ ಅಂದಳು.

"ಅಷ್ಟೇ. ಇದಕ್ಕೂ ಅಷ್ಟೇ. ಪೆಟ್ರೋಲು, ಗಾಳಿ, ಕಿಡಿ. ಮೂರರಲ್ಲಿ ಯಾವುದೋ ಒಂದು ರಜೆ ಹಾಕಿದೆ. ಯಾರು ಅಂತ ಹುಡುಕೋಣ."

ಗಾಳಿ ಹೋಗುವ ಡಬ್ಬಿಯ ಮುಚ್ಚಳ ತೆಗೆದ. ಇಲಿ ಗೂಡು ಕಟ್ಟಿದೆಯೇನೋ ಅಂತ ನೋಡಿದ, ಇರಲಿಲ್ಲ. ಪೆಟ್ರೋಲಿನ ಪೈಪು ಬಿಚ್ಚಿ ಬಾಟಲಿಗೆ ಹಿಡಿದು ತಿರುವಿಸಿದ, ಚಿಳ್ ಚಿಳ್ ಅಂತ ಬಂತು. ಮೂಸಿ ನೋಡಿ ಮುಖ ಕಿವಿಚಿದ. "ಹಳಸಿದೆ. ಒಂಬತ್ತು ತಿಂಗಳಿನ ದಾಲ್." ಹೊಸ ಪೆಟ್ರೋಲು ತರಿಸಿ ಕಾರ್ಬ್ಯುರೇಟರಿನ ಬಾಯಿಗೆ ಒಂದು ಮುಚ್ಚಳದಷ್ಟು ಹೊಯ್ದ.

"ಹೂಂ, ತಿರುವಿ."

ಕರ್ ಕರ್ ಕರ್.

"ಸಿಕ್ಕಿಬಿದ್ದ ಕಳ್ಳ" ಅಂದ ಚಂದ್ರಕಾಂತ. "ಬಾಯಿಗೆ ಹೊಯ್ದರೂ ಕೆಮ್ಮಲಿಲ್ಲ ಅಂದರೆ ಪೆಟ್ರೋಲಿನ ತಪ್ಪಲ್ಲ. ಕಿಡಿ ಇಲ್ಲ."

ಕಿಡಿ ಹುಟ್ಟಿಸುವ ಕಾಯಿಲ್‌ನಿಂದ ಬರುವ ದಪ್ಪ ವೈರನ್ನು ಕಿತ್ತು, ಅದರ ತುದಿಯನ್ನು ಎಂಜಿನ್ನಿನ ಕಬ್ಬಿಣಕ್ಕೆ ಒಂದು ಕಾಳಿನಷ್ಟು ದೂರ ಹಿಡಿದ. ಸತ್ಯಪ್ರಕಾಶ ತಿರುವಿದರು. ನೀಲಿ ಚುಕ್ಕೆ ಹಾರಬೇಕಾದ ಕಡೆ ಬರೀ ಕತ್ತಲೆ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಪಾಯಿಂಟ್ ಉಜ್ಜಿದ. ಇಲ್ಲ. ಸಣ್ಣ ಬಲ್ಬು ಕಟ್ಟಿದ ವೈರೊಂದನ್ನು ಜೇಬಿನಿಂದ ತೆಗೆದು ಕಾಯಿಲ್ಲಿಗೆ ಮುಟ್ಟಿಸಿದ. ಕೀಲಿ ಹಾಕಿದ್ದರೂ ಬಲ್ಬು ಹೊತ್ತಲಿಲ್ಲ. ಆಗ ಬ್ಯಾಟರಿಯಿಂದ ನೇರವಾಗಿ ಒಂದು ತುಂಡು ವೈರು ಎಳೆದು ಕಾಯಿಲ್ಲಿಗೆ ಕೊಟ್ಟು, "ಈಗ" ಅಂದ.

ಕರ್... ಮತ್ತು ಗಾಡಿ ಹೊತ್ತಿಕೊಂಡಿತು. ಒಂಬತ್ತು ತಿಂಗಳಿನ ಹೊಗೆ ಕಾರಿಕೊಂಡು, ಬಾಗಿಲು ಕಿಟಕಿಯೆಲ್ಲ ನಡುಗಿಸಿಕೊಂಡು ನಿಂತಿತು.

"ನೋಡಿದ್ರಾ!" ಎಂದು ಸತ್ಯಪ್ರಕಾಶ ಸ್ಟಿಯರಿಂಗ್ ಬಡಿದರು. ಗೌರಮ್ಮನ ಕಣ್ಣು ತುಂಬಿ ಬಂತು. ಗಾಡಿ ಒಪ್ಪಿತು, ಈ ಸಲ ಒಪ್ಪಿತು.

ಚಂದ್ರಕಾಂತ ಮಾತ್ರ ನಗಲಿಲ್ಲ. ವೈರು ಕಿತ್ತು ಆರಿಸಿದ. "ಇದು ಕಳ್ಳ ದಾರಿ. ಸೂರತ್ತಿನ ತನಕ ಇದರ ಮೇಲೆ ಕಳಿಸೋಲ್ಲ ನಾನು. ಕೀಲಿಯಿಂದ ಕಾಯಿಲ್ಲಿಗೆ ಬರೋ ಕರೆಂಟು ನಡುವೆ ಎಲ್ಲೋ ಸತ್ತಿದೆ." ಕಾರಿನೊಳಗೆ ತಲೆ ತೂರಿಸಿ, ವೈರುಗಳ ಕಟ್ಟನ್ನು ಬೆರಳಿನಿಂದ ಸವರುತ್ತ ಹೋದ. ಡ್ಯಾಶ್‌ಬೋರ್ಡಿನ ಕೆಳಗೆ ನಿಂತ. "ಈ ಹಸಿರು ವೈರು ಕಂಪನಿಯದಲ್ಲ. ಆಮೇಲೆ ಯಾರೋ ಹಾಕಿದ್ದು." ಕಾರ್ಪೆಟ್ ಎತ್ತಿದ. ಹಸಿರು ವೈರು ಡ್ರೈವರ್ ಸೀಟಿನ ಬಲಕ್ಕೆ, ಸೀಟಿಗೂ ಬಾಗಿಲಿಗೂ ನಡುವಿನ ಸಂದಿಗೆ ಇಳಿದಿತ್ತು. ಅಲ್ಲಿ, ಕಣ್ಣಿಗೆ ಕಾಣದ ಹಾಗೆ, ಮನೆಯ ದೀಪದ ಗುಂಡಿಯಂಥ ಒಂದು ಸಣ್ಣ ಕರಿ ಸ್ವಿಚ್ಚು.

ಚಂದ್ರಕಾಂತ ಅದನ್ನು ಒತ್ತಿದ. ಟಕ್.

"ಈಗ ಕೀಲಿ ತಿರುವಿ ಸಾಹೇಬ್."

ಅರ್ಧ ತಿರುವೂ ಬೇಕಾಗಲಿಲ್ಲ, ಗಾಡಿ ಹೊತ್ತಿಕೊಂಡಿತು.

"ಚೋರ್ ಸ್ವಿಚ್ಚು!" ಎಂದು ನಕ್ಕ ಚಂದ್ರಕಾಂತ. "ಆ ಕಾಲದಲ್ಲಿ ಬಹಳ ಜನ ಹಾಕಿಸುತ್ತಿದ್ದರು. ಕಳ್ಳ ಬಂದರೆ ಕೀಲಿ ತಿರುವಿ ತಿರುವಿ ಸುಸ್ತಾಗಿ ಓಡಿಹೋಗ್ತಾನೆ. ಗಾಡಿ ಕೆಟ್ಟಿರಲೇ ಇಲ್ಲ ಮಾಸಿ, ಆಫ್ ಮಾಡಿಟ್ಟಿದ್ದಾರೆ ಅಷ್ಟೆ."

ಸತ್ಯಪ್ರಕಾಶರೂ ನಕ್ಕರು. ಗೌರಮ್ಮನೂ ನಗಲು ಬಾಯಿ ತೆರೆದಳು. ಬಾಯಿ ತೆರೆದದ್ದು ಹಾಗೇ ನಿಂತಿತು.

"ಚಂದ್ರಕಾಂತಭಾಯ್, ಇನ್ನೊಮ್ಮೆ ಒತ್ತರಿ."

ಟಕ್. ಗಾಡಿ ಆರಿತು.

"ಈಗ ತಿರುವರಿ."

ಕರ್ ಕರ್ ಕರ್ ಕರ್.

ಅದೇ ದನಿ. ತೊಂಬತ್ತೆರಡರ ದನಿ, ಪ್ಲೇಗಿನ ವರ್ಷದ ದನಿ. ಅದನ್ನು ಅವಳು ನಿದ್ದೆಯಲ್ಲೂ ಗುರುತು ಹಿಡಿಯುತ್ತಿದ್ದಳು.

"ಮತ್ತ ಒತ್ತರಿ."

ಟಕ್. ತಿರುವಿದರು. ಹೊತ್ತಿಕೊಂಡಿತು.

"ಇದನ್ನ ಒತ್ತದ ಗಾಡಿ ಓಡಸಾಕ ಆಗತೈತೇನ?"

"ಹೇಗಾಗತ್ತೆ ಮಾಸಿ? ಓಡಿಸೋರಿಗೆ ಇದು ಗೊತ್ತಿರಲೇಬೇಕು. ನೋಡಿ, ಬೆರಳಾಡಿ ಆಡಿ ಬಣ್ಣ ಹೋಗಿ ಬಿಳುಪಾಗಿದೆ."

ಗೌರಮ್ಮ ಸೀಟನ್ನು ನೋಡುತ್ತ ನಿಂತಳು. ಕೀಲಿ ತಿರುವುವ ಮುಂಚೆ ಚನ್ನಬಸಪ್ಪನವರು ಒಂದು ಕ್ಷಣ ಬಲಕ್ಕೆ ಬಾಗುತ್ತಿದ್ದರು. ಬಾಗಿಲು ಸರಿಯಾಗಿ ಹಾಕಿದೆಯೋ ನೋಡುವ ಹಾಗೆ ಬಲಗೈ ಕೆಳಗೆ ಇಳಿಯುತ್ತಿತ್ತು, ಬಾಯಲ್ಲಿ "ಓಂ ನಮಃ ಶಿವಾಯ" ಇರುತ್ತಿತ್ತು. ದಿನಾ ಕಚೇರಿಗೆ, ಕಾಯಿಪಲ್ಲೆಗೆ, ಸಿನಿಮಾಕ್ಕೆ. ಒಂದು ದಿನವಾದರೂ ಮರೆತವರಲ್ಲ. ನಾಲ್ಕೇ ನಾಲ್ಕು ದಿನ ಬಿಟ್ಟು.

"ಮರೆತಿರಬಹುದು ಗೌರಮ್ಮನೋರೆ" ಅಂದರು ಸತ್ಯಪ್ರಕಾಶ. ಅವರ ದನಿಯೂ ಇಳಿದಿತ್ತು.

"ನಾಕ ಸಲ? ನಾಕೂ ಸಲ ಸೂರತ್ತಿಗೆ ಹೊಂಟಾಗನ? ಬಾನೆಟ್ ಎತ್ತಿ ಇಣಕಿದಾಗೂ ನೆನಪಾಗಲಿಲ್ಲ, ನಾ ಮ್ಯಾಲ ಹೋದ ಒಂದ ತಾಸಿಗೆ ನೆನಪಾತು?" ಗೌರಮ್ಮ ಮೆಲ್ಲಗೆ ಕೇಳುತ್ತಿದ್ದಳು, ಲೆಕ್ಕ ಬಾರದ ಹುಡುಗಿ ಮಾಸ್ತರನನ್ನು ಕೇಳಿದ ಹಾಗೆ. "ಫೆಬ್ರವರಿಯೊಳಗ ನಾವು ಇಳದು ಹೋದಿವಿ. ಅವತ್ತ ಸಂಜೀಕ ಅವರಿಗೆ ಎದಿನೋವ ಬಂತು. ಆಮ್ಯಾಲ ಈ ಗಾಡೀ ಬಾಗಲಾ ಯಾರೂ ತಗದಿಲ್ಲ. ಹಂಗಾರ ಇದನ್ನ ಆಫ್ ಮಾಡಿಟ್ಟಾವ್ರು ಯಾರು?"

ಗಾಡಿ ತನ್ನ ಪಾಡಿಗೆ ಡುಗು ಡುಗು ಅನ್ನುತ್ತಿತ್ತು.

"ಬ್ಯಾಡ ಅನ್ನಬಹುದಿತ್ತಲ್ಲ" ಅಂದಳು. "ನಾನೇನ ಎದುರ ಮಾತಾಡತಿದ್ದೆನ? 'ನಾನs ಕರತಂದ ಹುಡುಗ ನಮ್ಮ ಹುಡುಗೀನ ಒಯ್ದ, ನನಗ ಅಲ್ಲಿ ಮಾರಿ ತೋರಸಾಕ ಆಗಂಗಿಲ್ಲ' ಅಂತ ಒಂದ ಮಾತ ಅಂದಿದ್ರ ಸಾಕಿತ್ತು. ನಾ ಬಂಜಿ ಅಂತ ಗಾಡೀನೂ ಒಲ್ಲೆ ಅಂತೈತಿ ಅಂದಕೊಂಡಿದ್ದೆ. ಆ ಮಾತ ಅವಗ ನಾ ಹೇಳಿದ್ದೆ ಕೂಡ. ಕೇಳಿ ಸುಮ್ಮನ ಕುಂತಿದ್ದ. ನನ್ನ ತಲೀ ಮ್ಯಾಲ ಕೈ ಇಟ್ಟಿದ್ದ."

'ಅವರು' ಅನ್ನುತ್ತಿದ್ದ ಬಾಯಿ 'ಅವ' ಅಂದದ್ದು ಗೌರಮ್ಮನಿಗೇ ತಿಳಿಯಲಿಲ್ಲ. ಸತ್ಯಪ್ರಕಾಶರಿಗೆ ತಿಳಿಯಿತು. ಅವರು ನೆಲ ನೋಡಿದರು. ಕನ್ನಡ ಅರ್ಥವಾಗದ ಚಂದ್ರಕಾಂತ ಮುಖ ನೋಡಿ ಅರ್ಥ ಮಾಡಿಕೊಂಡು, ಕೈಯನ್ನು ಚಿಂದಿಗೆ ಒರೆಸುತ್ತಲೇ ಇದ್ದ. ಒರೆಸಲು ಏನೂ ಉಳಿದಿರಲಿಲ್ಲ. ಗೌರಮ್ಮನಿಗೆ ಇನ್ನೂ ಒಂದು ಹೊಳೆಯಿತು. ಇನ್ನು ಉಡಿ ತುಂಬುವ ಮುತ್ತೈದೆಯಾಗಿ ಅವಳು ಹೋಗುವ ಹಾಗಿಲ್ಲ. ಆ ದಿನಗಳನ್ನು ಆತ ತನ್ನ ಜೊತೆಯಲ್ಲೇ ಒಯ್ದ.

"ಹೊರಡೋಣ ಅಮ್ಮಾ, ಹತ್ತೂವರೆ ಆಯ್ತು. ಗಾಡಿ ಸರಿಹೋಗಿದೆ" ಅಂದರು ಸತ್ಯಪ್ರಕಾಶ.

ಗೌರಮ್ಮ ಚೀಲ ಎತ್ತಿಕೊಂಡಳು. "ಇದರಾಗ ನಾ ಕುಂಡ್ರಂಗಿಲ್ಲ."

"ಮತ್ತೆ ಶಕುನ ಅಂತೀರಾ? ಕಣ್ಣಾರೆ ನೋಡಿದ ಮೇಲೂ?"

"ಶಕುನ ಅಲ್ಲರಿ" ಅಂದಳು. "ನನಗ ರೈಲಿಗೆ ಹತ್ತಸರಿ. ಒಬ್ಬಾಕೀನs ಹೋಗತೀನಿ."

ಹೊರಟ ಸವಾರಿ ನಿಂತ ದಿನ ಇನ್ನೊಂದು ಬಂಡಿ ಹತ್ತಿದ್ದು ಅವಳ ಐವತ್ತು ವರ್ಷದಲ್ಲಿ ಅದೇ ಮೊದಲು. ರಿಕ್ಷಾದಲ್ಲಿ ಸ್ಟೇಶನ್ನಿಗೆ ಬಂದಾಗ ಅಹಮದಾಬಾದಿನಿಂದ ಬಂದ ಗಾಡಿ ನಿಂತೇ ಇತ್ತು. ಸತ್ಯಪ್ರಕಾಶ ಹೆಂಗಸರ ಡಬ್ಬಿಗೆ ಹತ್ತಿಸಿ, ಕಿಟಕಿಯ ಸರಳು ಹಿಡಿದು, "ಸೂರತ್ ಬಂದಾಗ ಇಳೀರಿ, ಮುಂಬೈಗೆ ಹೋಗ್ಬಿಟ್ಟೀರಾ!" ಅಂದರು. ನಗಿಸಲು ನೋಡಿದ್ದರು. ಆಗಲಿಲ್ಲ.

ಎದುರಿಗೆ ಕೂತ ಹೆಂಗಸು ಢೋಕಳಾ ಕೊಟ್ಟಳು. ಗೌರಮ್ಮ ಕೈಯಲ್ಲಿ ಹಿಡಿದೇ ಕೂತಳು. ಮಿಯಾಗಾಮ್ ಬಂತು. ನರ್ಮದೆಯ ಮೇಲೆ ಗಾಡಿ ಧಡ ಧಡ ಅಂತ ಹೋಗುವ ಮುಂಚೆ ಭರೂಚಿನಲ್ಲಿ ಕಡಲೆಕಾಯಿ ಮಾರುವವರು ಹತ್ತಿ ಇಳಿದರು. ಅಂಕಲೇಶ್ವರ ಬಂತು, ಕೆಮಿಕಲ್ಲಿನ ನಾತ ಬಂತು, ಹೋಯಿತು. ಆಮೇಲೆ ಜನ ಎದ್ದು ಗಂಟು ಇಳಿಸತೊಡಗಿದರು.

"ಯಾಕ? ಏನ ಬಂತು?" ಅಂದಳು ಗೌರಮ್ಮ.

"ಸೂರತ್, ಮಾಸಿ. ಇಳೀಬೇಕಲ್ಲ ನೀವು?" ಅಂದಳು ಢೋಕಳಾ ಕೊಟ್ಟವಳು.

ಕಿಟಕಿಯಿಂದ ಸ್ಟೇಶನ್ನಿನ ಗಡಿಯಾರ ನೋಡಿದಳು. ಎರಡು ತಾಸು, ಮೇಲೆ ಇಪ್ಪತ್ತು ನಿಮಿಷ. ಪ್ಲಾಟ್‌ಫಾರ್ಮಿನಲ್ಲಿ ಇಳಿದು ಜನ ಸರಿದು ಹೋಗುವ ತನಕ ನಿಂತೇ ಇದ್ದಳು. ಇಷ್ಟೇನಾ? ಹನ್ನೊಂದು ವರ್ಷ ಆಕೆ ದಾಟಲಾಗದ ದೂರ ಇಷ್ಟೇನಾ? ಒಂದು ಹೊತ್ತಿನ ಅಡಿಗೆ ಮಾಡಿ ಪಾತ್ರೆ ತೊಳೆಯುವಷ್ಟರಲ್ಲಿ ಮುಗಿಯುವ ಹಾದಿ.

ಆಸ್ಪತ್ರೆ ಕತಾರ್‌ಗಾಮಿನ ಒಂದು ಓಣಿಯಲ್ಲಿತ್ತು. ಎರಡೂ ಕಡೆಯ ಕಾರ್ಖಾನೆಗಳಿಂದ ವಜ್ರ ಉಜ್ಜುವ ಚಕ್ರಗಳ ಗುಂಯ್ ಸದ್ದು. ಬಾಗಿಲಲ್ಲಿ ಹನ್ನೊಂದರ ಹುಡುಗಿಯೊಬ್ಬಳು ನಿಂತಿದ್ದಳು. ಹಣೆ, ಮೂಗು ಎಲ್ಲ ಚಂಪಾಳದೇ. ಗೌರಮ್ಮನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಓಡಿದಳು. "ಮಮ್ಮೀ! ಗಾಡಿ ಖರಾಬ್ ಮಾಸಿ ಬಂದಿದ್ದಾರೆ!" ಎಂದು ಗುಜರಾತಿಯಲ್ಲಿ ಕೂಗಿದಳು.

ರಾಕೇಶ್ ನಾಚಿಕೊಂಡು ಎದ್ದು ನಿಂತ, ಕಾಲಿಗೆ ನಮಸ್ಕಾರ ಮಾಡಿದ. "ತೃಪ್ತಿಗೆ ತಿಳಿಯೋಲ್ಲ ಅಕ್ಕಾ, ಮನೆಯಲ್ಲಿ ಏನೋ ತಮಾಷೆಗೆ..." ಅನ್ನುತ್ತ ಔಷಧಿ ಚೀಟಿ ಹಿಡಿದು, ಮಗಳನ್ನೂ ಎಳೆದುಕೊಂಡು ಹೊರಗೆ ಹೋದ. ಹನ್ನೊಂದು ವರ್ಷ ಆ ಮನೆಯಲ್ಲಿ ಅವಳಿಗೆ ಇದ್ದ ಹೆಸರು ಅದು.

ಚಂಪಾ ಕೈಗೆ ಸಲೈನ್ ಚುಚ್ಚಿಸಿಕೊಂಡು ಮಲಗಿದ್ದಳು. ಹಳದಿಯಾಗಿದ್ದಳು. "ಬಂದ್ಯಾ?" ಅಂದಳು. ಆಮೇಲೆ, "ಇವತ್ತ ಹೆಂಗ ಒಪ್ಪತು ನಿಮ್ಮ ಗಾಡೀ?"

ಹಾದಿಯುದ್ದಕ್ಕೂ ಗೌರಮ್ಮ ಹೇಳಲೋ ಬೇಡವೋ ಅಂತ ತೂಗಿದ್ದಳು. ಸತ್ತವನ ಹೆಸರು. ಚಂಪಾಗೆ ಭಾವ ಅಂದರೆ ತಂದೆ. ನಾಳೆ ಹೊಟ್ಟೆ ಕುಯ್ಯಿಸಿಕೊಳ್ಳುವವಳಿಗೆ ಇದನ್ನು ಹೇಳಬೇಕೇ? ಆದರೆ ತಂಗಿಯ ಮುಖ ಕಂಡೊಡನೆ ಸುಳ್ಳು ಹೇಳುವ ಶಕ್ತಿ ಉಡುಗಿತು. ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದಳು. ಹಸಿರು ವೈರು, ಕರಿ ಗುಂಡಿ, ಬೆರಳಾಡಿ ಬಿಳುಪಾದದ್ದು, ಫೆಬ್ರವರಿ. ಚಂಪಾಳ ಕಣ್ಣು ದೊಡ್ಡದಾಗುತ್ತ ಹೋಯಿತು.

"ಭಾವ?" ಅಂದಳು. "ನಮ್ಮ ಭಾವ?"

"ಹೂಂ."

"ನನಗ ಸೈಕಲ್ ಕಲಿಸಿದ ಭಾವ?"

ಸಲೈನ್ ಹನಿಯುವುದನ್ನೇ ನೋಡುತ್ತ ಚಂಪಾ ಮಲಗಿದ್ದಳು. ಒಂದು ಹನಿ ಕಣ್ಣಿನ ಮೂಲೆಯಿಂದ ಕಿವಿಯೊಳಗೆ ಹೋಯಿತು, ಒರೆಸಿಕೊಳ್ಳಲಿಲ್ಲ. ಗೌರಮ್ಮ ಕಾದಳು. ತಂಗಿ ಈಗ ತಬ್ಬಿಕೊಳ್ಳುತ್ತಾಳೆ, ನಿನ್ನ ತಪ್ಪೇನಿಲ್ಲ ಅಕ್ಕಾ ಅನ್ನುತ್ತಾಳೆ ಅಂತ ಎಲ್ಲೋ ಒಳಗೆ ಕಾದಿದ್ದಳು.

"ಅಕ್ಕಾ" ಅಂದಳು ಚಂಪಾ. "ಭಾವ ಗಾಡೀ ತಡದ್ರು. ಖರೆ. ರೈಲ ಯಾರು ತಡದಿದ್ರು?"

ಗೌರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ತಾಸಿಗೊಂದ ಐತಿ. ನಾ ಬಾಣಂತ್ಯಾಗಿ ಮಲಗಿದ್ದೆ. ಪ್ಲೇಗಿನಾಗ ಕೂಸಿನ ಮಾರೀಗೆ ಬಟ್ಟೀ ಕಟ್ಟಿ ಬಾಗಲಾ ಹಾಕ್ಕೊಂಡ ಕುಂತಿದ್ದೆ. ಅವರು ಒಂದ ದಿನ ತಡದ್ರು, ನಾಕ ದಿನ ತಡದ್ರು. ಉಳದ ದಿನಾ?"

"ಯಾರೂ ತಡದಿಲ್ಲ" ಅಂದಳು ಗೌರಮ್ಮ. "ನಾನs. ನಾನs ಬರಲಿಲ್ಲ. ಗಾಡೀ ಒಲ್ಲೆ ಅಂದಾಗ, ಒಂದ ನಮೂನಿ... ಸುಲಭ ಆತು ನನಗ. ನಿನ್ನ ಬಸರ ನೋಡಾಕ ಆಗತಿದ್ದಿಲ್ಲ ಚಂಪಾ ನನಗ."

ಇದನ್ನು ಅವಳು ತನಗೇ ಹೇಳಿಕೊಂಡಿರಲಿಲ್ಲ. ಬಾಯಿಂದ ಬಂದ ಮೇಲೆ ಕೇಳಿ ಬೆಚ್ಚಿದಳು. ಆ ಗುಂಡಿ ಒತ್ತಿದವನಿಗೆ ಇದು ಗೊತ್ತಿತ್ತೇ? ಗೊತ್ತಿದ್ದೇ ಒತ್ತಿದನೇ? ಕೇಳಲು ಅವನಿಲ್ಲ.

ಚಂಪಾ ತಲೆ ತಿರುಗಿಸಿ ಅಕ್ಕನನ್ನು ನೋಡಿದಳು. ಬೈಯಲಿಲ್ಲ. "ಹಂಗನ್ನು ಮತ್ತ" ಅಂದಳು. "ಇದ ಖರೆ ಇದ್ದಂಗ ಐತಿ."

ಅಷ್ಟರಲ್ಲಿ ನರ್ಸು ಬಾಗಿಲಲ್ಲಿ ಇಣುಕಿ, ನಾಳೆ ಎಂಟಕ್ಕೆ ಒಳಗೆ ಒಯ್ಯುತ್ತೇವೆ, ಕೂದಲು ಬಿಗಿಯಾಗಿ ಎರಡು ಜಡೆ ಹಾಕಿಸಿಕೊಂಡಿರಿ, ಟೋಪಿಯೊಳಗೆ ಕೂರಬೇಕು ಅಂತ ಹೇಳಿ ಹೋದಳು. ಚಂಪಾ ಸೂಜಿ ಚುಚ್ಚಿದ ಕೈ ಎತ್ತಿ ನೋಡಿಕೊಂಡಳು. "ತೃಪ್ತಿಗೆ ಬರಂಗಿಲ್ಲ. ಇವರಿಗಂತೂ ಮೊದಲs ಬರಂಗಿಲ್ಲ."

ಗೌರಮ್ಮ ಚೀಲದಿಂದ ಹಣಿಗೆ ತೆಗೆದಳು. ತಂಗಿಯನ್ನು ನಿಧಾನಕ್ಕೆ ಎಬ್ಬಿಸಿ ಕೂರಿಸಿ, ಹಿಂದೆ ಹಾಸಿಗೆಯ ಅಂಚಿನಲ್ಲಿ ಕೂತಳು. ವಾರದಿಂದ ಬಾಚದ ಕೂದಲು ಹಗ್ಗದ ಹಾಗೆ ಹುರಿಯಾಗಿತ್ತು. ನಡುವೆ ಬಿಳಿ ಎಳೆಗಳು ಬಂದಿದ್ದವು. ಅವು ಯಾವಾಗ ಬಂದವೋ ಗೌರಮ್ಮನಿಗೆ ಗೊತ್ತಿರಲಿಲ್ಲ. ಅವಳು ಬೈತಲೆ ತೆಗೆದಳು.

"ಜಗ್ಗಬ್ಯಾಡ. ನೋಯತೈತಿ."

"ಗಂಟ ಬಿದ್ದೈತಿ."

"ಗೊತ್ತೈತಿ. ಮೆಲ್ಲಕ ಬಿಡಸು."

ಗೌರಮ್ಮ ಹಣಿಗೆ ಪಕ್ಕಕ್ಕಿಟ್ಟು, ಒಂದೊಂದೇ ಎಳೆಯಾಗಿ ಬೆರಳಿನಿಂದ ಬಿಡಿಸತೊಡಗಿದಳು.